ಅಮ್ಮನ ಹೆಸರಿಗೆ ಸಾಕ್ಷಿ

ಮಕ್ಕಾದ ಹತ್ತಿರದ ಮಿನಾದಲ್ಲಿ ಸೈತಾನನ ಕಂಬಗಳಿಗೆ ಕಲ್ಲೆಸೆದು ಗುಡಾರಕ್ಕೆ ಹಿಂತಿರುಗುವಾಗ, ನೂಕುನುಗ್ಗಲಿನಲ್ಲಿ ಯಾರೋ ಅಮ್ಮನ ಸೊಂಟದ ಚಂಚಿಯನ್ನು ಕತ್ತರಿಸಿಕೊಂಡು ಹೋದರು. ಚಂಚಿ ಅಂದರೆ ಎಲೆ ಅಡಿಕೆ ಇಟ್ಟುಕೊಳ್ಳುವ ಬಟ್ಟೆಯ ಚೀಲ. ಕತ್ತರಿಸಿದವನಿಗೆ ಅದರಲ್ಲಿ ದುಡ್ಡಿದೆ ಅನ್ನಿಸಿರಬೇಕು. ಇದ್ದದ್ದು ಒಂದಿಷ್ಟು ಅಡಿಕೆ ಹೋಳು, ಲವಂಗ, ಮತ್ತು ಮೇಣದ ಬಟ್ಟೆಯಲ್ಲಿ ಸುತ್ತಿಟ್ಟ ಅವಳ ಹಜ್ ಪಾಸು.

ಪಾಸ್‌ಪೋರ್ಟು ಅನ್ನುವ ಮಾತು ಆಗ ನಮ್ಮ ಬಾಯಲ್ಲಿ ಇರಲಿಲ್ಲ. ಇವರು ಇಂಥವರು, ಇಂಥ ಊರಿನವರು, ಸಮುದ್ರ ದಾಟಿ ಹೋಗಿದ್ದಾರೆ, ಹಿಂದಕ್ಕೆ ಬಂದಾಗ ಬಿಟ್ಟುಕೊಳ್ಳಬೇಕು ಅಂತ ಸರ್ಕಾರ ಬರೆದುಕೊಟ್ಟ ಕಾಗದ ಅಷ್ಟೇ. ನನ್ನ ಪಾಸು ನನ್ನ ಅಂಗಿಯ ಒಳಜೇಬಿನಲ್ಲಿತ್ತು. ಅವಳದನ್ನೂ ಕೊಡು ಅಂತ ಹಡಗಿನಲ್ಲೇ ಕೇಳಿದ್ದೆ. ಅವಳು ಕೊಟ್ಟಿರಲಿಲ್ಲ. ಜೀವಮಾನದಲ್ಲಿ ತನ್ನ ಹೆಸರಿಗೆ ಅಂತ ಬಂದ ಕಾಗದ ಅದೊಂದೇ, ತನ್ನ ಹತ್ತಿರವೇ ಇರಲಿ ಅಂದಿದ್ದಳು.

ಗುಡಾರಕ್ಕೆ ಬಂದು, ಒಂದು ಹೋಳು ಅಡಿಕೆ ಬಾಯಿಗೆ ಹಾಕಿಕೊಳ್ಳಲು ಸೊಂಟಕ್ಕೆ ಕೈ ಹಾಕಿದಾಗಲೇ ಗೊತ್ತಾಗಿದ್ದು. ದಾರದ ತುದಿ ಮಾತ್ರ ಕೈಗೆ ಬಂತು. ಅವಳು ಅಳಲಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಹುಡುಕೋಣ ಅಂದಳು. ಲಕ್ಷ ಜನ ತುಳಿಯುತ್ತಿದ್ದ ಮಣ್ಣಿನಲ್ಲಿ ನಾವಿಬ್ಬರೂ ತಲೆ ತಗ್ಗಿಸಿಕೊಂಡು ಮಧ್ಯಾಹ್ನವೆಲ್ಲ ಓಡಾಡಿದೆವು. ಹರಿದ ಚಪ್ಪಲಿಗಳು ಸಿಕ್ಕವು, ಯಾರದೋ ಜಪಮಣಿ ಸಿಕ್ಕಿತು.

ನಾವು ಯಾರು ಅನ್ನುವುದನ್ನು ಇಲ್ಲಿ ಹೇಳಬೇಕು. ನಮ್ಮದು ಹೊನ್ನಾಳಿ. ಅಪ್ಪ ಚನ್ನಗಿರಿಯ ಕಡೆಯವನು. ಅಣ್ಣನ ಜೊತೆ ಹೊಂದಿಕೆಯಾಗದೆ ಬೇರೆ ಬಂದು ಹೊನ್ನಾಳಿಯಲ್ಲಿ ಬಳೆ ವ್ಯಾಪಾರ ಹೂಡಿದ. ನನಗೆ ನೆನಪು ಬಲಿಯುವ ಮೊದಲೇ ತೀರಿಕೊಂಡ. ಆಗ ದೊಡ್ಡಪ್ಪ ಗಾಡಿ ಕಟ್ಟಿಸಿಕೊಂಡು ಬಂದು, ಚನ್ನಗಿರಿಗೆ ಬಂದು ಮನೆಯೊಳಗಿರಲಿ, ಗಂಜಿಗೇನೂ ಕೊರತೆಯಾಗದು ಅಂತ ಅಮ್ಮನನ್ನು ಕರೆದನಂತೆ. ಅಮ್ಮ ಹೋಗಲಿಲ್ಲ. ಅಪ್ಪನ ಬಳೆಬುಟ್ಟಿಯನ್ನು ತಾನೇ ತಲೆಯ ಮೇಲೆ ಹೊತ್ತುಕೊಂಡು ಬೀದಿಗಿಳಿದಳು. ಅಲ್ಲಿಂದ ದೊಡ್ಡಪ್ಪನಿಗೂ ನಮಗೂ ಮಾತಿಲ್ಲ.

ಅಮ್ಮನ ತವರು ಜಗಳೂರು ಸೀಮೆಯ ಬಿಳಿಚೋಡು. ಕುರಿ ಕಾಯುವವರ ಕೇರಿಯಲ್ಲಿ ಬೆಳೆದವಳು, ಕನ್ನಡವೇ ಅವಳಿಗೆ ಸಲೀಸು. ನಮ್ಮ ಜಾತಿಯ ಬೇರೆ ಮನೆಗಳಲ್ಲಿ ಉರ್ದು ನಡೆಯುತ್ತಿತ್ತು, ನಮ್ಮ ಮನೆಯಲ್ಲಿ ಕನ್ನಡವೇ. ಹೊನ್ನಾಳಿಯ ಬೀದಿಗಳಲ್ಲಿ, ನ್ಯಾಮತಿಯ ಸಂತೆಯಲ್ಲಿ, ಸುತ್ತಿನ ಹಳ್ಳಿಗಳಲ್ಲಿ ಅವಳನ್ನು ಎಲ್ಲರೂ ಬಳೆ ಬೂಬಮ್ಮ ಅನ್ನುತ್ತಿದ್ದರು. ಮದುವಣಗಿತ್ತಿಗೆ ಬಳೆ ತೊಡಿಸಲು, ಬಸುರಿಗೆ ಬಳೆ ತೊಡಿಸಲು ಅವಳೇ ಬರಬೇಕು. ಗಡುಸು ಕೈಗೂ ಒಂದು ಬಳೆಯೂ ಒಡೆಯದ ಹಾಗೆ ಏರಿಸುತ್ತಿದ್ದಳು. ನಾನು ದೊಡ್ಡವನಾಗಿ ಬಜಾರಿನಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟ ಮೇಲೂ ಅವಳು ಬುಟ್ಟಿ ಬಿಡಲಿಲ್ಲ. ಅವಳಿಗಿದ್ದ ಆಸೆ ಒಂದೇ, ಹಜ್. ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ಚಳಿಗಾಲದಲ್ಲಿ ಅದು ಕೈಗೂಡಿತು. ಹರಿಹರದಲ್ಲಿ ರೈಲು ಹತ್ತಿ ಬೊಂಬಾಯಿಗೆ ಹೋದೆವು.

ಹಜ್ ಯಾತ್ರಿಕರು ತಂಗುವ ಬೊಂಬಾಯಿಯ ಮುಸಾಫಿರಖಾನೆಯಲ್ಲಿ ಪಾಸು ಬರೆಯುವ ಗುಮಾಸ್ತ ಅಮ್ಮನ ಹೆಸರು ಕೇಳಿದ. ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದಳು. ನಾನು ನನ್ನ ತಾಯಿಯ ಹೆಸರು ಕೇಳಿದ್ದು ಅದೇ ಮೊದಲು. ಅಪ್ಪ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದನೋ ಇಲ್ಲವೋ ನನಗೆ ನೆನಪಿಲ್ಲ. ನೆರೆಯವರು, ಗಿರಾಕಿಗಳು ಯಾರೂ ಕರೆದವರಲ್ಲ. ಮದುವೆಯಾಗಿ ಬಂದಾಗ ಅತ್ತೆ ಇಟ್ಟ ಹೆಸರಂತೆ. ತವರಿನ ಹೆಸರು ಹಳ್ಳಿಯವರ ಹೆಸರಿನ ಹಾಗಿದೆ ಅಂತ ಆಕೆ ಅದನ್ನು ಬದಲಾಯಿಸಿದ್ದಳಂತೆ. ಗಂಡಸರ ಪಾಸಿಗೆ ಫೋಟೋ ಅಂಟಿಸುತ್ತಿದ್ದರು. ಅಮ್ಮನ ಪಾಸಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಅದನ್ನು ಎಷ್ಟು ಕಚೇರಿಗಳಲ್ಲಿ, ಎಷ್ಟು ಜನರ ಮುಂದೆ ಹೇಳಿದ್ದೇನೆ ಅಂದರೆ, ಬರೆಯಲು ಮನಸ್ಸು ಬರುವುದಿಲ್ಲ.

ಹಜ್ ಮುಗಿಸಿ ಜಿದ್ದಾ ಬಂದರಿಗೆ ಬಂದೆವು. ಹಿಂದೂಸ್ತಾನದ ಯಾತ್ರಿಕರ ವಿಚಾರ ನೋಡಿಕೊಳ್ಳಲು ಅಲ್ಲೊಂದು ಕಚೇರಿ ಇತ್ತು. ಅಲ್ಲಿಯ ಮುನ್ಷಿ ಪಂಜಾಬಿನವನು, ವಯಸ್ಸಾದವನು. ಒಳ್ಳೆಯವನೇ. ನಮ್ಮನ್ನು ಕೂರಿಸಿ ನೀರು ಕೊಟ್ಟ. ಪಾಸಿಲ್ಲದವರನ್ನು ಹಡಗಿನವರು ಹತ್ತಿಸಿಕೊಳ್ಳುವುದಿಲ್ಲ, ಹತ್ತಿಸಿಕೊಂಡರೂ ಬೊಂಬಾಯಿಯಲ್ಲಿ ಇಳಿಸುವುದಿಲ್ಲ ಅಂದ. ಇವಳು ನನ್ನ ತಾಯಿ, ಇಬ್ಬರದೂ ವಾಪಸು ಟಿಕೀಟು ನನ್ನ ಹತ್ತಿರ ಇದೆ, ನನ್ನ ಪಾಸು ನೋಡಿ ಅಂದೆ. ಅವನು ನೋಡಿದ. ಬೇರೆಯವರ ಹೆಸರಿನಲ್ಲಿ ಹಡಗು ಹತ್ತಿದವರು ಇದ್ದಾರೆ ಮಗಾ, ಯಾವ ಮಗನೂ ಯಾವ ಮುದುಕಿಯನ್ನಾದರೂ ತಾಯಿ ಅಂತ ತಂದು ನಿಲ್ಲಿಸಬಹುದು ಅಂದ. ಅವನ ಮಾತಿನಲ್ಲಿ ಬಿರುಸಿರಲಿಲ್ಲ. ದಿನಾ ಇಂಥವರನ್ನು ನೋಡಿ ನೋಡಿ ಬಂದ ದಣಿವು ಅದು.

ಬೊಂಬಾಯಿಗೆ ತಂತಿ ಹೋಯಿತು. ಅಂಥ ಹೆಸರಿನವರು ಪಟ್ಟಿಯಲ್ಲಿ ಸಿಗಲಿಲ್ಲ ಅಂತ ಉತ್ತರ ಬಂತು. ಗುಮಾಸ್ತ ಇಂಗ್ಲಿಷಿನಲ್ಲಿ ಅವಳ ಹೆಸರನ್ನು ಹೇಗೆ ಬರೆದುಕೊಂಡಿದ್ದನೋ, ಜಿದ್ದಾದಲ್ಲಿ ಇವರು ಹೇಗೆ ಬರೆದರೋ, ಎರಡೂ ಕೂಡಲಿಲ್ಲ. ಹಾಗಾದರೆ ಊರಿನಿಂದಲೇ ಖಾತ್ರಿಯಾಗಲಿ ಅಂತ ಮುನ್ಷಿ ಮೈಸೂರು ಸರ್ಕಾರಕ್ಕೆ ಬರೆಸಿದ. ಹೊನ್ನಾಳಿ ಎಲ್ಲಿ ಬರುತ್ತದೆ ಅಂತ ಕೇಳಿದ. ಶಿವಮೊಗ್ಗ ಜಿಲ್ಲೆ ಅಂದೆ. ಶಿವಮೊಗ್ಗ ಎಲ್ಲಿ ಅಂದ. ನಾನು ಗೋಡೆಯ ಮೇಲಿನ ನಕ್ಷೆಯಲ್ಲಿ ಹುಡುಕಿದೆ. ಅಂಗೈಯಗಲದ ಮೈಸೂರಿನಲ್ಲಿ ನಮ್ಮ ಕಡೆಯ ಯಾವ ಊರೂ ಇರಲಿಲ್ಲ.

ಕಾಯುತ್ತಾ ಕೂತೆವು. ಹಡಗುಗಳು ಒಂದೊಂದಾಗಿ ಹೊರಟವು. ನಮ್ಮ ಜೊತೆ ಬಂದಿದ್ದವರೆಲ್ಲ ಹೋದರು. ಬೇಸಿಗೆ ಏರುತ್ತಾ ಬಂತು, ಉಪ್ಪುಗಾಳಿಗೆ ಅಮ್ಮನ ಕಣ್ಣು ಕೆಂಪಾಗಿ ನೀರು ಸೋರುತ್ತಿತ್ತು. ಕೊನೆಯ ಹಡಗಿಗೆ ಇನ್ನು ಸ್ವಲ್ಪ ದಿನ ಇದೆ ಅನ್ನುವಾಗ ಹೊನ್ನಾಳಿಯಿಂದ ಉತ್ತರ ಬಂತು. ಮುನ್ಷಿ ಅದನ್ನು ಓದಿ ಹೇಳಲು ಹಿಂದೆಮುಂದೆ ನೋಡಿದ. ವಿಚಾರಣೆ ಮಾಡಲಾಗಿ ಅಂಥ ಹೆಸರಿನ ಹೆಂಗಸು ಸದರಿ ಊರಿನಲ್ಲಿ ಇಲ್ಲ, ಇದ್ದ ಬಗ್ಗೆ ಗ್ರಾಮಸ್ಥರಿಗೆ ತಿಳಿದಿಲ್ಲ ಅಂತ ಇತ್ತು.

ಅಮ್ಮ ಏನಂತೆ ಅಂತ ಕೇಳಿದಳು. ಹೇಳಿದೆ. ಅವಳು ತನ್ನ ಕೈಗಳನ್ನು ಮಗುಚಿ ಮಗುಚಿ ನೋಡಿಕೊಂಡಳು.

ನಾನೊಬ್ಬನೇ ಊರಿಗೆ ಹೋಗುವ ತೀರ್ಮಾನ ಅವಳದು. ನಾನು ಒಲ್ಲೆ ಅಂದೆ, ಮುಂದಿನ ವರ್ಷದ ಹಡಗಿನವರೆಗೂ ಇಲ್ಲೇ ಹೊಲಿಗೆ ಕೆಲಸ ಹುಡುಕಿಕೊಳ್ಳುತ್ತೇನೆ ಅಂದೆ. ಅವಳು ಕೇಳಲಿಲ್ಲ. 'ಇಬ್ರೂ ಇಲ್ಲೇ ಕುಂತ್ರೆ ಅಲ್ಲಿ ಹೇಳೋರು ಯಾರದಾರೆ? ನೀನು ಹೋಗಿ ನಾಕು ಮಂದೀನ ಕೇಳು. ಹೊನ್ನಾಳಿ ಹೆಂಗಸ್ರೆಲ್ಲ ನನ್ನ ಕೈಯಾಗೆ ಕೈ ಕೊಟ್ಟೋರು. ಹೇಳ್ತಾರೆ' ಅಂದಳು. ಯಾರೋ ಪುಣ್ಯವಂತರು ಕಟ್ಟಿಸಿದ್ದ ಬಡ ಯಾತ್ರಿಕರ ತಂಗುದಾಣವೊಂದಿತ್ತು. ಗುಲ್ಬರ್ಗದ ಕಡೆಯ ಒಬ್ಬ ಮುದುಕಿ ಅಲ್ಲೇ ಕಸ ಗುಡಿಸಿಕೊಂಡು ಇದ್ದಳು. ಅಮ್ಮನನ್ನು ಅವಳ ಹತ್ತಿರ ಬಿಟ್ಟೆ. ಜಿದ್ದಾದಲ್ಲಿ ಹಡಗು ದಡಕ್ಕೆ ಬರುವುದಿಲ್ಲ, ದೂರ ನಿಲ್ಲುತ್ತದೆ, ದೋಣಿಯಲ್ಲಿ ಹೋಗಿ ಹತ್ತಬೇಕು. ಅಮ್ಮ ಸುಂಕದ ಕಟ್ಟೆಯವರೆಗೂ ಬಂದಳು. ಅದರಾಚೆಗೆ ಪಾಸಿಲ್ಲದವರನ್ನು ಬಿಡುತ್ತಿರಲಿಲ್ಲ.

ಹೊನ್ನಾಳಿಗೆ ಬಂದ ದಿನವೇ ನಮ್ಮ ಬೀದಿಯವರನ್ನು ಕೇಳಿದೆ. ಕಚೇರಿಯ ಜವಾನ ಬಂದಿದ್ದು ನಿಜ. ಇಂಥ ಹೆಸರಿನ ಹೆಂಗಸು ಇದ್ದಾಳೋ ಅಂತ ಮನೆ ಮನೆ ಕೇಳಿದ್ದೂ ನಿಜ. ಇಲ್ಲಪ್ಪ, ಆ ಹೆಸರಿನೋರು ನಮ್ಮ ಓಣಿಯಾಗೆ ಯಾರೂ ಇಲ್ಲ ಅಂತ ಎಲ್ಲರೂ ಹೇಳಿದ್ದರು. ಬಳೆ ಬೂಬಮ್ಮ ಹಜ್ಜಿಗೆ ಹೋಗಿದ್ದಾಳೆ ಅನ್ನುವುದು ಅವರಿಗೆಲ್ಲ ಗೊತ್ತಿತ್ತು. ಅವಳ ಬಗ್ಗೆ ಜವಾನ ಕೇಳಿರಲಿಲ್ಲ, ಇವರು ಹೇಳಿರಲಿಲ್ಲ. ಪಕ್ಕದ ಮನೆಯಾಕೆ, ಅಮ್ಮನ ಜೊತೆ ಒಂದೇ ಹೊಳೆಯ ಘಾಟಿನಲ್ಲಿ ಬಟ್ಟೆ ಒಗೆದವಳು, ಅದು ನಿಮ್ಮಮ್ಮನ ಹೆಸರೇನಪ್ಪ, ನಂಗೆ ಹೆಂಗೆ ಗೊತ್ತಾಗಬೇಕು ಅಂತ ಕಣ್ಣಿಗೆ ಸೆರಗು ಒತ್ತಿಕೊಂಡಳು.

ಆಗ ನಮಗೆ ಸಂಬಂಧಪಟ್ಟ ಶೇಕದಾರರು ನ್ಯಾಮತಿಯಲ್ಲಿ ಕೂರುತ್ತಿದ್ದರು. ಹೋಬಳಿಯ ವಿಚಾರಣೆಗಳೆಲ್ಲ ಅವರ ಮೂಲಕವೇ ತಾಲ್ಲೂಕಿನ ಅಮಲ್ದಾರರಿಗೆ ಹೋಗಬೇಕು. ಅಲ್ಲಿಗೆ ಹೋದೆ. ಅವರ ಸೊಸೆಗೆ ಸೀಮಂತದ ಬಳೆ ತೊಡಿಸಿದವಳು ಅಮ್ಮನೇ. ಹಾಗಂತ ಅವರು ನೆನಪಿಸಿಕೊಂಡರು, ಪಾಪ ಅಂದರು. ಆದರೆ ಮೇಲಿನವರು ಕೇಳಿರುವುದು ಬಳೆ ಬೂಬಮ್ಮ ಇದ್ದಾಳೋ ಅಂತ ಅಲ್ಲ, ಈ ಹೆಸರಿನವಳು ಇದ್ದಾಳೋ ಅಂತ. ಅವಳೇ ಇವಳು ಅಂತ ತಿಳಿದವರು ಹೇಳಬೇಕು ಅಂದರು.

ನ್ಯಾಮತಿಯ ಹೆಂಗಸರಿಗೆ ಸುದ್ದಿ ಹೇಗೋ ಹೋಯಿತು. ಅಂಗಡಿ ಬೀದಿಯ ಅಡಿಕೆ ವ್ಯಾಪಾರಸ್ಥರ ದೊಡ್ಡ ಮನೆಯ ಅಜ್ಜಿಯೊಬ್ಬರು ನನ್ನನ್ನು ಕರೆಸಿದರು. ಹಣೆಗೆ ವಿಭೂತಿ ಇಟ್ಟುಕೊಂಡು ಕೂತಿದ್ದರು. ತಮ್ಮ ಮಗಳಂದಿರಿಗೆ, ಮೊಮ್ಮಕ್ಕಳಿಗೆ ಬಳೆ ತೊಡಿಸಿದವಳಿಗೆ ಹಿಂಗಾಯಿತೇ ಅಂತ ನೊಂದುಕೊಂಡರು. ನಾವೇ ಕಚೇರಿಗೆ ಬಂದು ಹೇಳುತ್ತೇವೆ ಅಂದರು. ಅಂಥವರು ಮನೆ ಬಿಟ್ಟು ಕಚೇರಿ ಮೆಟ್ಟಿಲು ಹತ್ತಿದ್ದು ಅದೇ ಮೊದಲಿರಬೇಕು. ಗಾಡಿಗೆ ಪರದೆ ಕಟ್ಟಿಸಿಕೊಂಡು ಬಂದರು, ಅವರ ಹಿಂದೆ ಇನ್ನೂ ನಾಲ್ಕೈದು ಮನೆಯವರು. ಶೇಕದಾರರು ಎದ್ದು ನಿಂತು ಗೌರವ ಕೊಟ್ಟರು. ಆಕೆಯ ಹೆಸರು ತಮಗೆ ಗೊತ್ತೇನ್ರಮ್ಮಾ ಅಂತ ಕೇಳಿದರು.

'ಬಳೆ ತೊಡಿಸೋರ ಹೆಸರು ಯಾರು ಕೇಳ್ತಾರ್ರೀ. ಆ ಕೈ ಮುಟ್ಟಿದ್ರೆ ಗೊತ್ತಾಗ್ತೈತೆ' ಅಂದರು ಅಜ್ಜಿ.

ಶೇಕದಾರರು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳುವುದಕ್ಕೆ ಏನೂ ಇರಲಿಲ್ಲ.

ಕೊನೆಗೆ ಅವರೇ ಒಂದು ದಾರಿ ತೋರಿಸಿದರು. ತವರಿನ ಕಡೆಯಿಂದ ಒಬ್ಬ ಗಂಡಸು, ಇಂಥ ನಮ್ಮ ಹುಡುಗಿಯನ್ನು ಇಂಥವನಿಗೆ ಕೊಟ್ಟೆವು ಅಂತ ಹೇಳಬೇಕು. ಗಂಡನ ಕಡೆಯಿಂದ ಒಬ್ಬ, ಅವಳಿಗೆ ನಾವು ಈ ಹೆಸರಿಟ್ಟು ಮನೆ ತುಂಬಿಸಿಕೊಂಡೆವು ಅಂತ ಹೇಳಬೇಕು. ಎರಡೂ ಸೇರಿದರೆ ಆಕೆ ಪೂರ್ತಿಯಾಗುತ್ತಾಳೆ ಅಂದರು.

ತವರಿನ ಕಡೆಯದು ಸುಲಭವಾಯಿತು. ದಾವಣಗೆರೆಯ ಮೇಲೆ ಹೋಗಿ ಬಿಳಿಚೋಡಿನಲ್ಲಿ ಇಳಿದೆ. ಮಾಮು, ಅಂದರೆ ಅಮ್ಮನ ತಮ್ಮ, ಊರಲ್ಲಿರಲಿಲ್ಲ, ಉಣ್ಣೆ ತರಲು ಸೊಕ್ಕೆ ಊರಿಗೆ ಹೋಗಿದ್ದ. ಅವನು ಬರುವವರೆಗೆ ಅವನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದೆ. ಮುಂಗಾರು ಇನ್ನೂ ಬಿದ್ದಿರಲಿಲ್ಲ. ಕೇರಿಯ ಮುದುಕರು ಬಂದು ಬಂದು ಅಮ್ಮನ ವಿಚಾರ ಕೇಳಿದರು. ಅವರೆಲ್ಲ ಅವಳ ತವರಿನ ಹೆಸರು ಹೇಳುತ್ತಿದ್ದರು. ನಾನು ಕೇಳೇ ಇರದ ಹೆಸರು, ಆಡಿನ ಮರಿಯನ್ನು ಕರೆದ ಹಾಗಿತ್ತು. ಬಾವಿಯ ಕಟ್ಟೆಯಿಂದ ಹಾರಿ ಕಾಲು ಮುರಿದುಕೊಂಡದ್ದು, ಮದುವೆಯ ದಿನ ಮಾಳಿಗೆಯ ಮೇಲೆ ಅಡಗಿ ಕೂತದ್ದು, ಹೀಗೆ ಏನೇನೋ ಹೇಳಿದರು. ಮಾಮು ಬಂದ. ಕೇಳಿದ ಕೂಡಲೇ ಹೊರಟ. ಇಬ್ಬರೂ ಜಗಳೂರಿನ ಕಚೇರಿಗೆ ಹೋಗಿ, ಅಲ್ಲಿಯವರು ಕೂಡಿಸಿದಷ್ಟು ಹೊತ್ತು ಕೂತು, ಹೇಳಿಕೆ ಬರೆಸಿ, ಅವನ ಹೆಬ್ಬೆಟ್ಟು ಒತ್ತಿಸಿದೆವು. ಅಕ್ಕನಿಗೆ ಗಂಡನ ಮನೆಯವರು ಏನು ಹೆಸರಿಟ್ಟರು ಅಂತ ಗುಮಾಸ್ತ ಕೇಳಿದ್ದಕ್ಕೆ, ಅದು ಅವರ ಮನೆ ಮಾತು ಸ್ವಾಮಿ, ನಾವು ಆ ಹೆಸರು ಕರೆದಿಲ್ಲ ಅಂದ.

ಉಳಿದದ್ದು ಚನ್ನಗಿರಿ. ಅಮ್ಮನ ನಿಕಾಹ್ ಓದಿಸಿದ ಖಾಜಿ ಸತ್ತು ಬಹಳ ವರ್ಷವಾಗಿತ್ತು. ಆಗಿನ ಸಾಕ್ಷಿಗಳು ಯಾರೂ ಇರಲಿಲ್ಲ. ಆ ಹೆಸರು ಗೊತ್ತಿದ್ದ ಜೀವಂತ ಗಂಡಸು ದೊಡ್ಡಪ್ಪ ಒಬ್ಬನೇ.

ದೊಡ್ಡಪ್ಪನದು ತೊಗಲಿನ ವ್ಯಾಪಾರ. ಊರಲ್ಲಿ ಮರ್ಯಾದೆಯಿಟ್ಟುಕೊಂಡಿದ್ದವನು, ಮಸೀದಿಯ ಪಂಚಾಯ್ತಿಯಲ್ಲಿ ಅವನದೊಂದು ಮಾತು ನಡೆಯುತ್ತಿತ್ತು. ನನ್ನನ್ನು ಕಂಡು ಸಿಟ್ಟಾಗಲಿಲ್ಲ. ಹಾಜಿ ಅಂತ ಕರೆದು ಪಕ್ಕದಲ್ಲಿ ಕೂರಿಸಿಕೊಂಡ, ಚಹಾ ತರಿಸಿದ, ನಾನು ಮಕ್ಕಾದಿಂದ ತಂದಿದ್ದ ಜಮ್‌ಜಮ್ ಬಾವಿಯ ನೀರನ್ನು ಎದ್ದು ನಿಂತು ಕುಡಿದ. ನಾನು ಬಂದ ಕಾರಣ ಹೇಳಿದೆ. ಅವನು ಲೋಟ ಕೆಳಗಿಟ್ಟ. ಅವನು ಆಡಿದ್ದು ಉರ್ದುವಿನಲ್ಲಿ, ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ.

'ನಮ್ಮ ಮನೆತನದಾಗೆ ಬಜಾರಿನಾಗೆ ಬುಟ್ಟಿ ಹೊತ್ತು ತಿರುಗಿದ ಹೆಂಗಸು ಯಾರೂ ಇಲ್ಲ. ಇಲ್ಲದೋರ ಹೆಸರಿಗೆ ನಾನು ಹೆಂಗೆ ಸಾಕ್ಷಿ ಹೇಳ್ಲಿ?'

ನಾನು ಅವನ ಕಾಲು ಹಿಡಿದೆ. ಅವನು ಕಾಲು ಎಳೆದುಕೊಳ್ಳಲಿಲ್ಲ, ಏಳು ಅನ್ನಲೂ ಇಲ್ಲ. ಗಿರಾಕಿಯೊಬ್ಬ ಬಂದ, ಅವನ ಜೊತೆ ಮಾತಿಗೆ ತೊಡಗಿದ.

ಆ ಮಳೆಗಾಲವೆಲ್ಲ ಹೊನ್ನಾಳಿಗೂ ಚನ್ನಗಿರಿಗೂ ಓಡಾಡಿದೆ. ಅಂಗಡಿ ಬಾಗಿಲು ಹಾಕಿಯೇ ಇರುತ್ತಿತ್ತು. ಹೊಲಿಯಲು ಬಟ್ಟೆ ಕೊಟ್ಟಿದ್ದವರು ವಾಪಸು ತೆಗೆದುಕೊಂಡು ಹೋದರು. ಚನ್ನಗಿರಿಯ ಹಿರಿಯರನ್ನು ಕಂಡೆ, ಅವರು ದೊಡ್ಡಪ್ಪನಿಗೆ ಹೇಳಿನೋಡಿದರು. ಮನೆ ವಿಷಯ, ನೀವು ನಡುವೆ ಬರಬ್ಯಾಡ್ರಿ ಅಂತ ಅವನು ಅವರನ್ನು ಸಾಗಹಾಕಿದ. ದೊಡ್ಡಮ್ಮ ಒಳಗಿನಿಂದ ನನಗೆ ಊಟ ಕಳಿಸುತ್ತಿದ್ದಳು. ಅವಳಿಗೂ ಆ ಹೆಸರು ಗೊತ್ತಿತ್ತು. ಆದರೆ ಗಂಡನ ಮಾತು ಮೀರಿ ಹೊಸಿಲು ದಾಟುವ ಹೆಂಗಸಲ್ಲ ಅವಳು.

ಇದರ ನಡುವೆ ಅಮ್ಮನ ಸುದ್ದಿ ಬಂದದ್ದು ಒಂದೇ ಸಲ. ಬೇರೆ ದಾರಿಯಲ್ಲಿ ತಡವಾಗಿ ಬಂದ ದಾವಣಗೆರೆಯ ಒಬ್ಬ ಯಾತ್ರಿಕ ಅವಳನ್ನು ಜಿದ್ದಾದಲ್ಲಿ ನೋಡಿದ್ದನಂತೆ. ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಳಂತೆ. ನನ್ನ ಮಗನಿಗೆ ಯಾಕೆ ಇಷ್ಟು ತಡ ಅಂತ ಕೇಳಿ ಅಂದಳಂತೆ. ಕಣ್ಣು ಬಹಳ ಮಂಜಾಗಿದೆ, ನನ್ನನ್ನು ಹತ್ತಿರ ಕರೆದು ನೋಡಿದಳು ಅಂದ.

ಅದನ್ನು ಕೇಳಿಕೊಂಡು ನೆಟ್ಟಗೆ ಚನ್ನಗಿರಿಗೆ ಹೋದೆ. ಅಷ್ಟು ಹೊತ್ತಿಗೆ ಯುರೋಪಿನಲ್ಲಿ ಯುದ್ಧ ಶುರುವಾಗಿತ್ತು, ಹಡಗುಗಳು ನಿಂತುಹೋಗುತ್ತವೆ ಅಂತ ಸಂತೆಯಲ್ಲೆಲ್ಲ ಮಾತು. ದೊಡ್ಡಪ್ಪ ನಮಾಜು ಮುಗಿಸಿ ಬಂದು ಜಗಲಿಯ ಮೇಲೆ ಕೂತಿದ್ದ. ನಾನು ಏನೂ ಕೇಳಲಿಲ್ಲ. ಕೇಳುವುದು ಮುಗಿದಿತ್ತು. ಅವನ ಎದುರಿಗೆ ಕೂತೆ. ಅವನೇ ಮಾತಾಡಿದ.

'ರುಜು ಹಾಕ್ತೀನಿ. ಆಕೆ ವಾಪಸು ಬಂದ ಮ್ಯಾಲೆ ಆ ಬುಟ್ಟಿ ಹೊರಂಗಿಲ್ಲ. ಯಾರ ಮನೆ ಹೊಸಿಲಾಗೂ ಕುಂತು ಬಳೆ ತೊಡಿಸಂಗಿಲ್ಲ. ನೀನು ದುಡಿಯೋ ಮಗ ಅದೀಯ. ಇದಕ್ಕೆ ನಿನ್ನ ಮಾತು ಬೇಕು.'

ಕೊಟ್ಟೆ. ಅವನು ಖುರಾನು ತರಿಸಿದ, ಅದರ ಮೇಲೆ ಕೈಯಿಟ್ಟು ಮತ್ತೆ ಕೊಟ್ಟೆ. ಅಂದು ಅವನು ನನ್ನ ಕೈ ಕೇಳಿದ್ದರೂ ಕೊಡುತ್ತಿದ್ದೆ. ಮಾರನೆಯ ದಿನ ಚನ್ನಗಿರಿಯ ಕಚೇರಿಗೆ ಬಂದು, ಇಂಥವಳು ನನ್ನ ತಮ್ಮನ ಹೆಂಡತಿ, ನಮ್ಮ ತಾಯಿ ಇಟ್ಟ ಹೆಸರು ಇಂಥದ್ದು ಅಂತ ಹೇಳಿ ರುಜು ಹಾಕಿದ. ಗುಮಾಸ್ತನ ಮುಂದೆ ಆ ಹೆಸರನ್ನು ಅವನು ಮೆಲ್ಲಗೆ, ಮರ್ಯಾದೆಯಿಂದ ಹೇಳಿದ.

ಎರಡು ಹೇಳಿಕೆಗಳೂ ಶೇಕದಾರರ ಹತ್ತಿರ ಸೇರಿದವು. ಅಲ್ಲಿಂದ ಅಮಲ್ದಾರರು, ಶಿವಮೊಗ್ಗ, ಬೆಂಗಳೂರು, ಆಮೇಲೆ ನನಗೆ ತಿಳಿಯದ ಜಾಗಗಳು. ನಾನು ಅಂಗಡಿ ತೆಗೆದು ಹೊಲಿಯುತ್ತಾ ಕೂತೆ. ಬಸ್ಸಿನಿಂದ ಟಪಾಲು ಚೀಲ ಇಳಿಯುವಾಗಲೆಲ್ಲ ಎದ್ದು ಹೋಗುತ್ತಿದ್ದೆ. ಅಂಚೆಯಣ್ಣ ದೂರದಿಂದಲೇ ತಲೆ ಆಡಿಸುತ್ತಿದ್ದ. ಆಮೇಲಾಮೇಲೆ ನಾನು ಏಳುವುದನ್ನು ಬಿಟ್ಟೆ. ಮತ್ತೊಂದು ಹಜ್ಜಿನ ಕಾಲ ಬಂದು ಹೋಯಿತು. ಅವಳು ಸತ್ತಿರಬೇಕು, ಸತ್ತವರ ಹೆಸರನ್ನೂ ಯಾರೋ ಬರೆದುಕೊಂಡಿರುತ್ತಾರೆ, ಆ ಹೆಸರು ನಮ್ಮವರೆಗೆ ಬರುವುದಿಲ್ಲ ಅಂತ ಮನಸ್ಸಿನಲ್ಲಿ ಆಡಿಕೊಳ್ಳುತ್ತಿದ್ದೆ.

ಅವಳು ಬೇಸಿಗೆಯ ಒಂದು ಬೆಳಿಗ್ಗೆ ಬಂದಳು. ಹರಿಹರದ ಬಸ್ಸಿನ ಕಂಡಕ್ಟರು ಕೈ ಹಿಡಿದು ನಡೆಸಿಕೊಂಡು ಬಂದು ಅಂಗಡಿಯ ಮುಂದೆ ನಿಲ್ಲಿಸಿದ. ಈಯಮ್ಮ ರೈಲ್ವೆ ಸ್ಟೇಶನ್ನಾಗೆ ಹೊನ್ನಾಳಿ ಹೊನ್ನಾಳಿ ಅಂತಿದ್ರು, ಕರಕೊಂಡು ಬಂದೆ, ನಿಮ್ಮೋರೇನು ಅಂದ. ಮೈಯಲ್ಲಿ ಮಾಂಸ ಇರಲಿಲ್ಲ. ಎರಡು ಕಣ್ಣಲ್ಲೂ ಬಿಳಿ ಪೊರೆ. ಯಾರೋ ಕೊಟ್ಟ ಗಂಡಸರ ಕೋಟೊಂದನ್ನು ತೊಟ್ಟಿದ್ದಳು. ನಾನು ಅಮ್ಮಾ ಅಂದೆ. ದನಿಯಿಂದ ಗುರುತು ಹಿಡಿದಳು. 'ಚೆನ್ನಾಗಿದ್ದೀರೇನ್ರೀ' ಅಂತ ಕೇಳಿದಳು.

ಅವಳ ಬುದ್ಧಿ ಮಸುಕಾಗಿದೆ ಅಂತ ಮೊದಲು ನನಗೆ ಅನ್ನಿಸಿತು. ಹಾಗೇನೂ ಇರಲಿಲ್ಲ. ಎಲ್ಲವೂ ನೆನಪಿತ್ತು. ಆ ಒಂದು ವರ್ಷ ಅವಳು ಕಚೇರಿಗಳಲ್ಲಿ, ತಂಗುದಾಣದಲ್ಲಿ, ರೊಟ್ಟಿ ಹಂಚುವವರ ಮುಂದೆ ಜೀ ಜೀ ಅಂತ ಕೈಯೊಡ್ಡಿ ಬದುಕಿದ್ದಳು. ಆ ಜೀ ಇಲ್ಲಿಗೆ ಬಂದ ಮೇಲೆ ರೀ ಆಯಿತು. ಕಂಡಕ್ಟರಿಗೂ ರೀ, ನೆರೆಯ ಮಕ್ಕಳಿಗೂ ರೀ, ನನಗೂ ರೀ. ಅಮ್ಮಾ, ನಾನು ನಿನ್ನ ಮಗ, ಹಂಗನ್ನಬ್ಯಾಡ ಅಂದೆ. ಆತು ರೀ ಅಂದಳು. ಬದುಕಿರುವವರೆಗೂ ಅದು ಹೋಗಲಿಲ್ಲ.

ಬಂದದ್ದು ಹೇಗೆ ಅನ್ನುವುದನ್ನು ಬಿಡಿಬಿಡಿಯಾಗಿ ಹೇಳಿದಳು. ಗತಿಯಿಲ್ಲದೆ ಅಲ್ಲಿ ಉಳಿದುಹೋದ ಹಿಂದೂಸ್ತಾನದವರನ್ನೆಲ್ಲ ಒಂದು ಹಡಗಿನಲ್ಲಿ ತುಂಬಿ ಕಳಿಸುತ್ತಾರೆ ಅಂತ ಸುದ್ದಿಯಾಯಿತಂತೆ. ಅಷ್ಟು ಹೊತ್ತಿಗೆ ಪಂಜಾಬಿನ ಮುನ್ಷಿ ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಹೊಸಬ ಕೂತಿದ್ದ. ಅವನು ಸಾಲಾಗಿ ನಿಂತವರ ಹೆಸರು ಬರೆದುಕೊಳ್ಳುತ್ತಿದ್ದ. ಅಮ್ಮ ತನ್ನ ಬಿಳಿಚೋಡಿನ ಹೆಸರು ಹೇಳಿದಳಂತೆ. ಅದೊಂದನ್ನು ಯಾರೂ ಸುಳ್ಳು ಅಂದಿರಲಿಲ್ಲವಲ್ಲ, ಅದಕ್ಕೆ ಅಂದಳು. ಅವನು ಬರೆದುಕೊಂಡ, ಸಾಕ್ಷಿ ಕೇಳಲಿಲ್ಲ. ನನ್ನ ಕಾಗದಗಳು ಎಲ್ಲೆಲ್ಲೋ ಸುತ್ತಿ, ಆ ಹೆಸರಿನವರು ಇಲ್ಲಿ ಸಿಗಲಿಲ್ಲ ಅನ್ನುವ ಷರಾದ ಜೊತೆಗೆ ನ್ಯಾಮತಿಗೆ ವಾಪಸು ಬಂದದ್ದು ಅವಳು ಬಂದು ಕೆಲವು ತಿಂಗಳಾದ ಮೇಲೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಂದು ಕಣ್ಣಿನ ಪೊರೆ ತೆಗೆದರು. ಅಷ್ಟಿಷ್ಟು ಕಾಣುವ ಹಾಗಾಯಿತು. ಗಂಜಿ ಸೇರತೊಡಗಿತು, ಮೈಗೆ ಸ್ವಲ್ಪ ಕಳೆ ಬಂತು. ಒಂದು ದಿನ ಹೊಲಿಗೆಯ ನಡುವೆ ತಲೆಯೆತ್ತಿ ನೋಡುತ್ತೇನೆ, ಒಳಕೋಣೆಯಿಂದ ಬುಟ್ಟಿಯನ್ನು ತಂದು ಹೊಸಿಲ ಹತ್ತಿರ ಇಟ್ಟುಕೊಂಡು ಧೂಳು ಕೊಡವುತ್ತಿದ್ದಾಳೆ. ಬಳೆಗಳನ್ನು ಪೋಣಿಸುವ ಹಗ್ಗ ಬಿಗಿದು ನೋಡುತ್ತಿದ್ದಾಳೆ. ನ್ಯಾಮತಿ ಸಂತೆ ಈಗಲೂ ಅದೇ ದಿನ ಐತೇನ್ರೀ ಅಂತ ಕೇಳಿದಳು. ಬಂದಾಗಿನಿಂದ ಅವಳು ತಾನಾಗಿ ಏನನ್ನಾದರೂ ಬಯಸಿದ್ದು ಅದೇ ಮೊದಲು.

ದೊಡ್ಡಪ್ಪನಿಗೆ ಕೊಟ್ಟ ಮಾತನ್ನು ಹೇಳಿದೆ. ಖುರಾನಿನ ಮೇಲೆ ಕೈಯಿಟ್ಟದ್ದನ್ನೂ ಹೇಳಿದೆ. ಆ ರುಜುವಿನಿಂದ ಏನೂ ಆಗಲಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು.

'ಆತು ರೀ' ಅಂದಳು. ಬುಟ್ಟಿಯನ್ನು ಎತ್ತಿ ಒಳಗಿಟ್ಟು ಬಂದಳು.

ಆಮೇಲೆ ಹೊಸಿಲ ಹತ್ತಿರ ಗೋಡೆಗೆ ಒರಗಿ ಕೂರುವುದೇ ಅವಳ ಕೆಲಸವಾಯಿತು. ಶುರುವಿನಲ್ಲಿ ಹೆಂಗಸರು ಬರುತ್ತಿದ್ದರು. ಬೂಬಮ್ಮ, ನೀನು ಬರಾಕೆ ಆಗದಿದ್ರೆ ನಾವೇ ಬರ್ತೀವಿ, ಇಲ್ಲೇ ತೊಡಿಸು ಅನ್ನುತ್ತಿದ್ದರು. ಇಲ್ರೀ, ಮಾತಾಗೈತೆ ಅನ್ನುತ್ತಿದ್ದಳು. ಏನು ಮಾತು ಅಂತ ಯಾರಿಗೂ ಹೇಳಲಿಲ್ಲ. ಯುದ್ಧದ ದಿನಗಳಲ್ಲಿ ಅಕ್ಕಿ ಸಕ್ಕರೆಗೆ ಪಡಿತರ ಬಂದಾಗ, ಮನೆಯವರ ಹೆಸರು ಬರೆದುಕೊಳ್ಳಲು ಕಚೇರಿಯವರು ಬೀದಿಗೆ ಬಂದರು. ಅವರ ದನಿ ಕೇಳಿದ ಕೂಡಲೇ ಎದ್ದು ಹಿತ್ತಲಿಗೆ ಹೋದಳು. ಅವರು ಹೋಗಿ ಬಹಳ ಹೊತ್ತಾದರೂ ಒಳಗೆ ಬರಲಿಲ್ಲ.

ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂದಾಗ ನಾನು ಚನ್ನಗಿರಿಗೆ ಹೋಗಿ ಮಣ್ಣು ಕೊಟ್ಟು ಬಂದೆ. ಬಂದು ಅವಳ ಹತ್ತಿರ ಕೂತೆ. ಮಾತು ತಗೊಂಡೋರು ಹೋದರು, ಇನ್ನು ಅದರ ಕಟ್ಟು ಇಲ್ಲ ಅಂತ ಊರಿನ ಮೌಲವಿಯನ್ನು ಕೇಳಿಕೊಂಡು ಬಂದೆ, ನಿನ್ನ ಮನಸ್ಸಿಗೆ ಬಂದಂಗೆ ಮಾಡು ಅಂದೆ. ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು. ಮಣಿಕಟ್ಟಿನ ಮೇಲೆ ಹೆಬ್ಬೆರಳು ಆಡಿಸಿ, ಗಿಣ್ಣುಗಳನ್ನು ಒತ್ತಿ ನೋಡಿದಳು. ಆಮೇಲೆ ಬಿಟ್ಟಳು.

'ಅಳತೆ ತಿಳಿಯಲ್ರೀ ಈಗ' ಅಂದಳು.

ದೇಶಕ್ಕೆ ಸ್ವಾತಂತ್ರ್ಯ ಬರುವ ಹಿಂದಿನ ಮಳೆಗಾಲದಲ್ಲಿ ಅವಳು ಹೋದಳು. ಬಹಳ ದಿನ ನರಳಲಿಲ್ಲ. ಹೊಳೆ ತುಂಬಿತ್ತು, ಮಾಮು ಬಿಳಿಚೋಡಿನಿಂದ ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ನಮ್ಮ ಬೀದಿಯ ಹೆಂಗಸರು ಬಂದರು. ಬೇರೆ ಬೀದಿಗಳಿಂದ ಒಬ್ಬಿಬ್ಬರು ವಯಸ್ಸಾದವರು ಬಂದು ಬಾಗಿಲಲ್ಲಿ ನಿಂತು ಹೋದರು. ಹೆಚ್ಚು ಜನ ಬರಲಿಲ್ಲ. ಹೊನ್ನಾಳಿಯ ಬೀದಿಗಳಿಗೆ ಆಗಲೇ ಬೇರೆ ಬಳೆಗಾರ ಬರತೊಡಗಿ ಎಷ್ಟೋ ಕಾಲವಾಗಿತ್ತು. ಅವಳ ಕೈಯಲ್ಲಿ ಬಳೆ ತೊಟ್ಟ ಹುಡುಗಿಯರು ಗಂಡನ ಮನೆಗಳಿಗೆ ಹೋಗಿ ಚದುರಿದ್ದರು.